ಸೋರುವ ಹಳೆಯ ಎರಡು ಟಬ್ಬಿನ ವಾಷಿಂಗ್ ಮಷಿನ್: ಸೋರಿಕೆಯ ಪತ್ತೆ ಮತ್ತು ದುರಸ್ತಿಯ ಸಮಗ್ರ ಮಾರ್ಗದರ್ಶಿ

ಒಂದು ಕಡೆ ಒಗೆಯುವ ಟಬ್, ಇನ್ನೊಂದು ಕಡೆ ಡ್ರೈಯರ್ ಇರುವ, ಇಪ್ಪತ್ತು ಇಪ್ಪತ್ತೈದು ವರ್ಷ ಹಳೆಯ ಸೆಮಿ ಆಟೋಮ್ಯಾಟಿಕ್ ಮಷಿನ್‌ಗಳು ಕಾರವಾರ, ಅಂಕೋಲಾ, ಕುಮಟಾದ ಮನೆಗಳ ಹಿಂಬದಿಯ ಜಗುಲಿಯಲ್ಲೂ ಶಿರಸಿ ಕಡೆಯ ಬಚ್ಚಲುಮನೆಗಳಲ್ಲೂ ಇಂದಿಗೂ ಓಡುತ್ತಿವೆ. ಅವು ಸೋರತೊಡಗಿದಾಗ ಬಹುತೇಕರು ಒಂದೇ ತಪ್ಪು ಮಾಡುತ್ತಾರೆ. ತಳದಲ್ಲಿ ನೀರು ಕಂಡ ಕೂಡಲೇ ಸೀಲು (ತಿರುಗುವ ದಂಡದ, ಅಂದರೆ ಶಾಫ್ಟಿನ, ಸುತ್ತ ನೀರು ತಡೆಯುವ ರಬ್ಬರಿನ ಬಳೆ) ಹೋಗಿದೆಯೆಂದು ತೀರ್ಮಾನಿಸಿ ಹೊಸ ಸೀಲು ಹಾಕಿಸುತ್ತಾರೆ. ವಾರ ಕಳೆಯುವುದರೊಳಗೆ ನೆಲ ಮತ್ತೆ ಒದ್ದೆಯಾಗಿರುತ್ತದೆ.

ನಮ್ಮ ನೆರೆಮನೆಯಲ್ಲಿ ಒಂದೇ ಮಳೆಗಾಲದಲ್ಲಿ ಎರಡು ಸಲ ಸೀಲು ಬದಲಾಯಿತು. ಕೊನೆಗೆ ಸಿಕ್ಕ ಕಾರಣ ಮಷಿನ್‌ನ ಒಳಗೇ ಇರಲಿಲ್ಲ. ಕೊಳೆ ನೀರನ್ನು ತೆಂಗಿನ ಬುಡಕ್ಕೆ ಒಯ್ಯಲು ಜೋಡಿಸಿದ್ದ ಉದ್ದನೆಯ ಪೈಪು ದಾರಿಯಲ್ಲಿ ಒಂದು ಹೊಸಿಲನ್ನು ಹತ್ತಿ ಇಳಿಯುತ್ತಿತ್ತು. ಈ ಬಗೆಯ ಮಷಿನ್‌ನಲ್ಲಿ ನೀರನ್ನು ಹೊರಗೆ ತಳ್ಳುವ ಪಂಪ್ ಇರುವುದಿಲ್ಲ. ನೀರು ಇಳಿಜಾರಿನ ಬಲದಿಂದಲೇ ಹೋಗಬೇಕು. ಹೊಸಿಲಿನ ಎತ್ತರಕ್ಕೆ ತಡೆದ ನೀರು ಹಿಂದಕ್ಕೆ ನಿಂತು, ಡ್ರೈಯರ್‌ನ ತಳದಿಂದ ನೆಲಕ್ಕೆ ಇಳಿಯುತ್ತಿತ್ತು.

ಆದ್ದರಿಂದ ಈ ಬರಹದ ದೊಡ್ಡ ಭಾಗ ಪತ್ತೆಯ ಕೆಲಸಕ್ಕೇ ಮೀಸಲಾಗಿದೆ. ಹಂತಗಳನ್ನು ಕೊಟ್ಟ ಕ್ರಮದಲ್ಲಿಯೇ ಅನುಸರಿಸಬೇಕೆಂದು ವಿನಂತಿ. ಎರಡನೆಯ ಪರೀಕ್ಷೆಯನ್ನು ಬಿಟ್ಟು ನಾಲ್ಕನೆಯದಕ್ಕೆ ಹೋದರೆ ಅದರ ಉತ್ತರಕ್ಕೆ ಅರ್ಥವಿರುವುದಿಲ್ಲ.

ಹಂತ 1: ವಿದ್ಯುತ್ತಿನಿಂದ ಸುರಕ್ಷಿತವಾಗುವುದು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಕಿತ್ತಿಡಬೇಕು. ಹಳೆಯ ಮನೆಗಳ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಬಂದಿರುವುದುಂಟು. ಆಗ ಸ್ವಿಚ್ ಆರಿದ್ದರೂ ಮಷಿನ್‌ನೊಳಗೆ ವಿದ್ಯುತ್ತು ಇದ್ದೇ ಇರುತ್ತದೆ.

ಮಷಿನ್ ಓಡುತ್ತಿರುವಾಗ ತಗಡಿನ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬಾರದು. ಸೋರಿದ ನೀರು ಮೋಟರಿನ ತಂತಿಯನ್ನು ತಲುಪಿರಬಹುದು, ಅರ್ತ್ ತಂತಿ ಕಡಿದಿರಬಹುದು, ಅಥವಾ ಎರಡೂ ಆಗಿರಬಹುದು. ಮೊದಲು ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ತ್ ಸರಿಪಡಿಸಿಕೊಳ್ಳಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್ಚು) ಇಲ್ಲದಿದ್ದರೆ ಅದನ್ನೂ ಆಗಲೇ ಹಾಕಿಸುವುದು ಒಳ್ಳೆಯದು, ಏಕೆಂದರೆ ಬಚ್ಚಲಿನ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಳಸುವ ಯಂತ್ರ ಇದು.

ಹಿಂಬದಿಯ ಮುಚ್ಚಳ ತೆರೆದಾಗ ಡಬ್ಬಿಯಂಥ ಕೆಪಾಸಿಟರ್ ಕಾಣುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಅದರ ತುದಿಗಳನ್ನು ಮುಟ್ಟಬೇಡಿ. ಸೋರಿಕೆಯ ದುರಸ್ತಿಗೆ ಅದನ್ನು ಬಿಚ್ಚುವ ಅಗತ್ಯವೂ ಇಲ್ಲ.

ಹಂತ 2: ಬೇಕಾದ ಸಾಮಗ್ರಿ

ಪ್ಲಸ್ ತಲೆಯ ಗಟ್ಟಿ ಸ್ಕ್ರೂಡ್ರೈವರ್, 8 ಮತ್ತು 10 ಮಿ.ಮೀ. ಪಾನಾಗಳು, ಇಕ್ಕಳ, ಟಾರ್ಚು, ತುಕ್ಕು ಬಿಡಿಸುವ ಎಣ್ಣೆ, 600 ನಂಬರಿನ ನಯವಾದ ಎಮರಿ ಕಾಗದ, ಸಿಲಿಕಾನ್ ಗ್ರೀಸ್ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಪೈಪು ಕ್ಲಿಪ್ ಇವು ದುರಸ್ತಿಗೆ. ಪತ್ತೆಯ ಕೆಲಸಕ್ಕೆ ಹಳೆಯ ದಿನಪತ್ರಿಕೆಗಳು, ಪೆನ್ಸಿಲು, ಅಂಟುಪಟ್ಟಿ ಮತ್ತು ಬಿಳಿ ಬಟ್ಟೆಗೆ ಹಾಕುವ ನೀಲಿ ಸಾಕು. ನೀಲಿಯ ಉಪಯೋಗವನ್ನು ನಾಲ್ಕನೆಯ ಹಂತದಲ್ಲಿ ವಿವರಿಸಿದೆ.

ಕರಾವಳಿಯವರಿಗೆ ಒಂದು ವಿಶೇಷ ಸೂಚನೆ. ಉಪ್ಪುಗಾಳಿಗೆ ಹಿಂಬದಿಯ ತಿರುಪುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಿಗ್ಗೆ ಬಿಚ್ಚಿ. ಬಲ ಹಾಕಿ ತಿರುಪಿನ ತಲೆ ಸವೆಸಿಕೊಂಡರೆ ಮುಂದಿನ ಕೆಲಸವೆಲ್ಲ ನಿಂತುಹೋಗುತ್ತದೆ. ಮರಳಿ ಜೋಡಿಸುವಾಗ ಸ್ಟೇನ್‌ಲೆಸ್ ತಿರುಪುಗಳನ್ನೇ ಬಳಸಿ.

ಹಂತ 3: ಒಣಗಿಸುವುದು ಮತ್ತು ಕುರುಹು ಓದುವುದು

ಮಷಿನ್ ಖಾಲಿ ಮಾಡಿ, ನಲ್ಲಿ ಮುಚ್ಚಿ, ಹಿಂಬದಿಯ ಮುಚ್ಚಳ ತೆಗೆದು, ಒಳಭಾಗವನ್ನು ಬಟ್ಟೆಯಿಂದ ಒರೆಸಿ ಅರ್ಧ ದಿನ ಗಾಳಿಗೆ ಬಿಡಿ. ಒರೆಸುವ ಮೊದಲು ಎಲ್ಲ ಮೂಲೆಗಳ ಫೋಟೋ ತೆಗೆದುಕೊಳ್ಳಿ. ಬಹಳ ದಿನಗಳಿಂದ ಸೋರುತ್ತಿರುವ ಮಷಿನ್ ತನ್ನ ಗುರುತನ್ನು ತಾನೇ ಬರೆದಿಟ್ಟಿರುತ್ತದೆ: ಒಗೆಯುವ ಟಬ್ಬಿನ ತಳದ ಗೇರ್‌ಬಾಕ್ಸಿನ ಮೇಲಿಂದ ಇಳಿದ ತುಕ್ಕಿನ ಗೆರೆ, ಪೈಪಿನ ಜೋಡಣೆಯ ಸುತ್ತ ಸಾಬೂನಿನ ಬಿಳಿ ಪುಡಿ, ಡ್ರೈಯರ್ ಮೋಟರಿನ ಮೇಲೆ ವೃತ್ತಾಕಾರವಾಗಿ ಸಿಡಿದ ಕಲೆ. ನೀರು ತಗಡಿನ ಅಂಚು ಹಿಡಿದು ಬಹುದೂರ ಹರಿಯುತ್ತದೆ; ನೆಲದ ಮೇಲೆ ಬಿದ್ದ ಜಾಗದ ನೇರ ಮೇಲೆಯೇ ತೂತಿರಬೇಕೆಂದೇನೂ ಇಲ್ಲ. ಕಲೆಯ ಮೇಲ್ತುದಿಯನ್ನು ಹುಡುಕಿ.

ಮಳೆಗಾಲದಲ್ಲಿ ಇನ್ನೊಂದು ಮೋಸವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ನೆಲವೇ ಬೆವರುತ್ತದೆ. ಖಾಲಿ ಮಷಿನ್‌ನ ಕೆಳಗೆ ಒಂದು ರಾತ್ರಿ ದಿನಪತ್ರಿಕೆ ಹಾಸಿಡಿ. ಬೆಳಿಗ್ಗೆ ಕಾಗದ ಎಲ್ಲ ಕಡೆ ಸಮನಾಗಿ ಮೆತ್ತಗಾಗಿದ್ದರೆ ಅದು ನೆಲದ ತೇವ. ಸೋರಿಕೆಯ ಗುರುತು ಹಾಗಿರುವುದಿಲ್ಲ, ಅಂಚು ಸ್ಪಷ್ಟವಾಗಿರುವ ಒದ್ದೆಯಾಗಿ ಕಾಣುತ್ತದೆ.

ಹಂತ 4: ಐದು ಪರೀಕ್ಷೆಗಳು

ನೀರು ನಿಂತಿರುವಾಗ ಮಾಡುವ ಮೊದಲ ಎರಡು ಪರೀಕ್ಷೆಗಳಿಗೆ ಮಷಿನ್‌ಅನ್ನು ಎರಡು ಅಗಲವಾದ ಮರದ ತುಂಡುಗಳ ಮೇಲೆ ಏರಿಸಿಟ್ಟರೆ ತಳ ಚೆನ್ನಾಗಿ ಕಾಣುತ್ತದೆ. ಓಡಿಸುವ ಪರೀಕ್ಷೆಗಳಿಗೆ ಅದನ್ನು ಕೆಳಗಿಳಿಸಿ, ಮುಚ್ಚಳ ಮರಳಿ ಹಾಕಿ, ಸಮನಾದ ನೆಲದ ಮೇಲೆ ನಿಲ್ಲಿಸಲೇಬೇಕು. ಚಿರೇಕಲ್ಲಿನ ಮೇಲೆ ನಿಲ್ಲಿಸಿ ಡ್ರೈಯರ್ ತಿರುಗಿಸಿದರೆ ಮಷಿನ್ ಜಾರಿ ಬೀಳುತ್ತದೆ. ಪ್ರತಿ ಪರೀಕ್ಷೆಗೂ ಹೊಸ ಒಣ ಕಾಗದ ಹಾಸಿ.

1. ನೀರು ತುಂಬುವಾಗ. ನಲ್ಲಿ ಬಿಟ್ಟು ಹತ್ತು ನಿಮಿಷ ನೋಡಿ. ಮೇಲ್ಭಾಗದ ನೀರಿನ ದಾರಿಯಲ್ಲಿ ಬಿರುಕಿದ್ದರೆ ಈಗಲೇ ತಿಳಿಯುತ್ತದೆ. ನೀರನ್ನು ಡ್ರೈಯರ್ ಕಡೆಗೆ ತಿರುಗಿಸುವ ಗುಬ್ಬಿ ಆ ಕಡೆಗೇ ಉಳಿದುಹೋಗಿದೆಯೇ ಎಂದೂ ನೋಡಿಕೊಳ್ಳಿ. ಟಬ್ ಮೇಲಿನ ಗುರುತನ್ನು ಮೀರಿ ತುಂಬಿದಾಗ ಡ್ರೇನ್ ಪೈಪಿನಿಂದ ನೀರು ಬರುವುದು ದೋಷವಲ್ಲ, ಹೆಚ್ಚಾದ ನೀರಿಗೆ ತಯಾರಕರು ಬಿಟ್ಟ ದಾರಿ ಅದು.

2. ನೀರು ನಿಂತಿರುವಾಗ. ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ, ಮತ್ತು ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಪ್ಲಗ್ ಕಿತ್ತಿರಲಿ, ಒಗೆಯುವುದೋ ಡ್ರೇನೋ ಎಂದು ಆರಿಸುವ ಇನ್ನೊಂದು ಗುಬ್ಬಿ ಒಗೆಯುವ ಸ್ಥಾನದಲ್ಲಿರಲಿ. ಟಬ್ಬನ್ನು ಮಧ್ಯದ ಗುರುತಿನವರೆಗೆ ತುಂಬಿ, ಒಂದು ಮುಚ್ಚಳ ನೀಲಿ ಹಾಕಿ ಕಲಸಿ, ನೀರಿನ ಮಟ್ಟಕ್ಕೆ ಅಂಟುಪಟ್ಟಿ ಹಚ್ಚಿ ಪೆನ್ಸಿಲಿನ ಗೆರೆ ಎಳೆಯಿರಿ. ಡ್ರೇನ್ ಪೈಪಿನ ತುದಿಯನ್ನು ಒಣಗಿದ ಬಕೆಟ್ಟಿನಲ್ಲಿ ಮಲಗಿಸಿ ಒಂದು ಗಂಟೆ ಬಿಡಿ.

ಮಟ್ಟ ಇಳಿದು ಬಕೆಟ್ಟಿನಲ್ಲಿ ನೀಲಿ ನೀರು ಬಂದಿದ್ದರೆ ಡ್ರೇನ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಹಂತ 5ಕ್ಕೆ ಹೋಗಿ. ಮಟ್ಟ ಇಳಿದು ಕಾಗದ ನೀಲಿಯಾಗಿದ್ದರೆ ಟಾರ್ಚು ಹಿಡಿದು ಹನಿಯ ಮೂಲ ನೋಡಿ: ನಡುವಿನ ಶಾಫ್ಟಿನಿಂದಾದರೆ ಹಂತ 7, ಟಬ್ಬಿನ ಮೈಯಿಂದಲೇ ಆದರೆ ಹಂತ 9. ಮಟ್ಟ ಕದಲದಿದ್ದರೆ ಟಬ್ಬನ್ನು ಮೇಲಿನ ಗುರುತಿನವರೆಗೆ ತುಂಬಿ ಇನ್ನೊಂದು ಗಂಟೆ ಕಾಯಿರಿ. ಮೇಲಿನ ಅರ್ಧದಲ್ಲಿರುವ ಬಿರುಕು ಆಗಷ್ಟೇ ಬಯಲಾಗುತ್ತದೆ.

3. ಒಗೆಯುವ ಟಬ್ ತಿರುಗುವಾಗ. ಬಟ್ಟೆ ಹಾಕದೆ, ಸಾಬೂನಿಲ್ಲದೆ, ಅದೇ ನೀಲಿ ನೀರಿನಲ್ಲಿ ಹತ್ತು ನಿಮಿಷ ಓಡಿಸಿ. ನಿಂತಾಗ ಸೋರದ ಸೀಲು ಶಾಫ್ಟು ತಿರುಗುವಾಗ ಸೋರಬಹುದು, ಆಗ ಹಂತ 7. ಜೊತೆಗೆ ಕೀರಲು ಸದ್ದು ಬಂದರೆ, ಹನಿ ಬೆಲ್ಟಿನ ಮೇಲೆ ಬಿದ್ದು ಬೆಲ್ಟು ಜಾರುತ್ತಿರುವ ಲಕ್ಷಣ.

4. ನೀರು ಹೊರಬಿಡುವಾಗ. ಗುಬ್ಬಿಯನ್ನು ಡ್ರೇನ್‌ಗೆ ತಿರುಗಿಸಿ. ಇಷ್ಟು ಹೊತ್ತು ಒಣಗಿದ್ದ ಕಾಗದ ಈಗ ಒದ್ದೆಯಾದರೆ ಡ್ರೇನ್ ಪೈಪು ಅಥವಾ ಅದರ ಜೋಡಣೆಯದೇ ತಪ್ಪು, ಹಂತ 6.

5. ಡ್ರೈಯರ್ ಕಡೆ. ಮೊದಲು ನಿಂತ ಡ್ರೈಯರ್‌ಗೆ ನಾಲ್ಕೈದು ಚೊಂಬು ನೀರು ಸುರಿಯಿರಿ. ಅದು ಡ್ರೇನ್ ಪೈಪಿನಿಂದ ಕೂಡಲೇ ಹೋಗಬೇಕು. ತಡವಾಗಿ ಹೋದರೆ ಪೈಪು ಕಟ್ಟಿದೆ ಅಥವಾ ಎಲ್ಲೋ ಏರಿದೆ. ಸರಾಗವಾಗಿ ಹೋಗಿಯೂ ಕಾಗದ ಒದ್ದೆಯಾದರೆ ಹಂತ 8. ಕೊನೆಗೆ ಎರಡು ಒದ್ದೆ ಟವೆಲ್ ಹಾಕಿ ತಿರುಗಿಸಿ ನೋಡಿ. ತಿರುಗುವಾಗ ಮಾತ್ರ ಸೋರಿದರೂ ಅದೇ ಹಂತ.

ಪರೀಕ್ಷೆಗಳೆಲ್ಲ ಒಣಗಿಯೇ ಮುಗಿದು, ಬಟ್ಟೆ ಒಗೆಯುವ ದಿನ ಮಾತ್ರ ನೆಲ ಒದ್ದೆಯಾಗುತ್ತಿದ್ದರೆ ನೊರೆಯನ್ನು ಸಂಶಯಿಸಿ. ಘಟ್ಟದ ಮೇಲಿನ ಮೆದು ನೀರಿನಲ್ಲಿ ಕೈಯಲ್ಲಿ ಒಗೆಯುವ ಸೋಪಿನ ಪುಡಿಯನ್ನು ಹಿಡಿಗಟ್ಟಲೆ ಹಾಕಿದರೆ ನೊರೆ ಉಕ್ಕಿ ಸಂದಿಯಿಂದ ಇಳಿಯುತ್ತದೆ. ಪುಡಿಯನ್ನು ಅರ್ಧಕ್ಕಿಳಿಸಿ ಮತ್ತೆ ನೋಡಿ.

ಹಂತ 5: ಡ್ರೇನ್ ವಾಲ್ವ್

ಗುಬ್ಬಿಯಿಂದ ಹೊರಟ ಪಟ್ಟಿ ಅಥವಾ ತಂತಿಯನ್ನು ಹಿಡಿದು ಕೆಳಗೆ ಹೋದರೆ ವಾಲ್ವ್ ಸಿಗುತ್ತದೆ. ಅದರ ಮುಚ್ಚಳ ತಿರುಗಿಸಿ ತೆಗೆದರೆ ಸ್ಪ್ರಿಂಗೂ ರಬ್ಬರಿನ ಬಿರಡೆಯೂ ಹೊರಬರುತ್ತವೆ. ಸ್ಪ್ರಿಂಗು ಹಾರಿಹೋಗದಂತೆ ಕೈಯಿಂದ ಒತ್ತಿ ಹಿಡಿದು ತೆಗೆಯಿರಿ.

ಹೆಚ್ಚಿನ ಸಲ ಇಲ್ಲಿ ಹೊಸ ಸಾಮಾನು ಬೇಕಾಗುವುದೇ ಇಲ್ಲ. ಶಿರಸಿ, ಸಿದ್ದಾಪುರದ ಕಡೆ ತೋಟದ ಬಟ್ಟೆಗಳ ಜೊತೆ ಬಂದ ಅಡಿಕೆ ಸಿಪ್ಪೆಯ ನಾರು, ಕರಾವಳಿಯಲ್ಲಿ ಸಮುದ್ರದ ಮರಳು, ಎಲ್ಲೆಡೆಯೂ ಅಂಗಿಯ ಗುಂಡಿ ಮತ್ತು ನಾಣ್ಯ ಬಿರಡೆಯ ಕೆಳಗೆ ಸಿಕ್ಕಿಕೊಂಡಿರುತ್ತವೆ. ಬಿರಡೆಯನ್ನೂ ಅದು ಕೂರುವ ಅಂಚನ್ನೂ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ರಬ್ಬರಿನ ಅಂಚು ಗಟ್ಟಿಯಾಗಿದ್ದರೆ ಅಥವಾ ಕಚ್ಚು ಬಿದ್ದಿದ್ದರೆ ಮಾತ್ರ ಬದಲಾಯಿಸಿ.

ಮರಳಿ ಜೋಡಿಸಿದ ಮೇಲೆ, ಗುಬ್ಬಿ ಒಗೆಯುವ ಸ್ಥಾನದಲ್ಲಿರುವಾಗ ಆ ಪಟ್ಟಿ ಸ್ವಲ್ಪ ಸಡಿಲವಾಗಿರಬೇಕು. ಬಿಗಿಯಾಗಿದ್ದರೆ ಬಿರಡೆ ಕೂದಲೆಳೆಯಷ್ಟು ಎತ್ತಿಕೊಂಡೇ ಇರುತ್ತದೆ, ಎಷ್ಟು ಹೊಸ ರಬ್ಬರು ಹಾಕಿದರೂ ನೀರು ಜಿನುಗುತ್ತದೆ.

ಹಂತ 6: ಡ್ರೇನ್ ಪೈಪು

ಪೈಪಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಇಲಿ ಕಡಿದ ತೂತು ಸಾಮಾನ್ಯವಾಗಿ ಮಷಿನ್‌ನ ಒಳಭಾಗದಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿರುತ್ತದೆ. ತೂತಿಗೆ ಟೇಪು ಸುತ್ತುವುದು, ಎಪಾಕ್ಸಿ ಮುದ್ದೆ ಮೆತ್ತುವುದು ಎರಡೂ ವ್ಯರ್ಥ. ಪೈಪು ಬಳುಕಿದ ಕೂಡಲೇ ಎದ್ದುಬರುತ್ತವೆ. ಇಡೀ ಪೈಪು ಬದಲಾಯಿಸಿ. ಹೊಸದರ ತುದಿಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ಏರುತ್ತದೆ. ಸ್ಟೇನ್‌ಲೆಸ್ ಕ್ಲಿಪ್ಪನ್ನು ಪೈಪು ಅಲುಗಾಡದಷ್ಟು ಮಾತ್ರ ಬಿಗಿಮಾಡಿ. ಅತಿಯಾದರೆ ಒಳಗಿನ ಪ್ಲಾಸ್ಟಿಕ್ ಮೂತಿ ಸೀಳುತ್ತದೆ.

ಪೈಪು ಮಷಿನ್‌ನಿಂದ ಹೊರಟ ಜಾಗದಿಂದ ಕೊನೆಯವರೆಗೂ ಇಳಿಯುತ್ತಲೇ ಹೋಗಬೇಕು, ಮತ್ತು ಅದರ ತುದಿ ನಿಂತ ನೀರಿನಲ್ಲಿ ಮುಳುಗಿರಬಾರದು. ತೋಟಕ್ಕೆ ನೀರು ಬೇಕಾದರೆ ಪೈಪನ್ನು ಮೊದಲು ಬಚ್ಚಲ ಕಾಲುವೆಗೆ ಬಿಟ್ಟು, ಅಲ್ಲಿಂದ ಕಾಲುವೆಯ ಮೂಲಕವೇ ತೆಂಗಿನ ಬುಡಕ್ಕೆ ತಿರುಗಿಸಿಕೊಳ್ಳಿ.

ಹಂತ 7: ಒಗೆಯುವ ಟಬ್ಬಿನ ಶಾಫ್ಟ್ ಸೀಲು

ಟಬ್ಬಿನ ತಳದಲ್ಲಿ ತಿರುಗುವ ತಟ್ಟೆಗೆ ಪಲ್ಸೇಟರ್ ಎನ್ನುತ್ತಾರೆ. ಅದರ ನಡುವಿನ ತಿರುಪನ್ನು ಬಿಚ್ಚಿ. ತಟ್ಟೆ ಶಾಫ್ಟಿಗೆ ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಅಂಚು ಮುರಿಯುತ್ತದೆ. ಎರಡು ಗಟ್ಟಿ ಬಟ್ಟೆಯ ಪಟ್ಟಿಗಳನ್ನು ಎದುರುಬದುರಾಗಿ ತಟ್ಟೆಯ ಅಡಿಗೆ ತೂರಿಸಿ, ನಾಲ್ಕೂ ತುದಿ ಒಟ್ಟಿಗೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ತಟ್ಟೆಯ ಕೆಳಗಿರುವ ವಾಷರ್‌ಗಳ ಕ್ರಮವನ್ನು ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಶಾಫ್ಟನ್ನು ಒರೆಸಿ, ಸೀಲು ತಾಗುವ ಜಾಗದ ಮೇಲೆ ಉಗುರು ಓಡಿಸಿ. ಇದೇ ಇಡೀ ದುರಸ್ತಿಯ ನಿರ್ಣಾಯಕ ಕ್ಷಣ. ಶಾಫ್ಟು ನಯವಾಗಿದ್ದರೆ ಅಥವಾ ಮೇಲುಮೇಲಿನ ತುಕ್ಕು ಮಾತ್ರ ಇದ್ದರೆ ಎಮರಿ ಕಾಗದವನ್ನು ಸುತ್ತಲೂ ಆಡಿಸಿ ಹೊಳಪು ತರಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲು ಕೆಲವೇ ವಾರ ಬಾಳುತ್ತದೆ. ಶಾಫ್ಟ್ ಸಮೇತ ಗೇರ್‌ಬಾಕ್ಸ್ ಬದಲಾಯಿಸುವುದೇ ದಾರಿ. ಶಾಫ್ಟನ್ನು ಅಡ್ಡಕ್ಕೆ ಅಲುಗಾಡಿಸಿದಾಗ ಕಟಕಟ ಎಂದರೂ ಇದೇ ಮಾತು, ಏಕೆಂದರೆ ಶಾಫ್ಟನ್ನು ನೇರವಾಗಿ ಹಿಡಿದಿಡುವ ಒಳಗಿನ ಬಳೆ, ಅಂದರೆ ಬುಷ್, ಸವೆದು ಶಾಫ್ಟು ಓಲಾಡುವಾಗ ಯಾವ ಸೀಲೂ ನೀರು ತಡೆಯಲಾರದು.

ಹಳೆಯ ಸೀಲು ಹಲವು ಮಷಿನ್‌ಗಳಲ್ಲಿ ಮೇಲಿನಿಂದಲೇ ಹೊರಬರುತ್ತದೆ. ಕೆಲವದರಲ್ಲಿ ಗೇರ್‌ಬಾಕ್ಸ್ ಕೆಳಗಿಳಿಸಬೇಕಾಗುತ್ತದೆ. ಸೀಲಿನ ಮೇಲೆ ಮೂರು ಸಂಖ್ಯೆಗಳು ಅಚ್ಚಾಗಿರುವುದುಂಟು: ಒಳವ್ಯಾಸ, ಹೊರವ್ಯಾಸ ಮತ್ತು ದಪ್ಪ, ಮಿ.ಮೀ. ಲೆಕ್ಕದಲ್ಲಿ. ಹಳೆಯ ಸೀಲನ್ನೇ ಅಂಗಡಿಗೆ ಒಯ್ದು, ಪಕ್ಕದಲ್ಲಿಟ್ಟು ಹೋಲಿಸಿ ಕೊಳ್ಳಿ. ಹೆಚ್ಚುಕಡಿಮೆ ಸರಿಹೋಗುವ ಸೀಲನ್ನು ಒಪ್ಪಬೇಡಿ.

ಹೊಸ ಸೀಲಿನ ತೆಳುತುಟಿಗೂ ಶಾಫ್ಟಿಗೂ ತೆಳ್ಳಗೆ ಸಿಲಿಕಾನ್ ಗ್ರೀಸ್ ಸವರಿ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆಯನ್ನೋ ಗಾಡಿಯ ಗ್ರೀಸನ್ನೋ ಹಚ್ಚಿದರೆ ಕೆಲವು ಬಗೆಯ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸಣ್ಣ ಸ್ಪ್ರಿಂಗು ಕಾಣುವ ಮುಖ ನೀರಿನ ಕಡೆಗೆ, ಅಂದರೆ ಮೇಲಕ್ಕೆ ಇರಬೇಕು. ಇದನ್ನು ತಲೆಕೆಳಗಾಗಿ ಹಾಕುವುದೇ ನಾನು ಅತಿ ಹೆಚ್ಚು ಸಲ ಕಂಡ ತಪ್ಪು. ಸೀಲಿನಷ್ಟೇ ಅಗಲದ ಒಂದು ಕೊಳವೆಯ ತುಂಡನ್ನು ಮೇಲಿಟ್ಟು, ಅಂಗೈಯಿಂದ ಸಮನಾಗಿ ಒತ್ತಿ ಕೂರಿಸಿ. ಒಂದು ಬದಿಗೆ ಸುತ್ತಿಗೆಯಿಂದ ಹೊಡೆದರೆ ಸೀಲು ಓರೆಯಾಗುತ್ತದೆ.

ಅಬ್ಬಿ ನೀರನ್ನು (ಗುಡ್ಡದ ಝರಿಯಿಂದ ಇಳಿಸಿದ ನೀರನ್ನು) ನೇರವಾಗಿ ಮಷಿನ್‌ಗೆ ಬಿಡುವ ಮನೆಗಳಲ್ಲಿ ಸೀಲು ಬೇಗ ಸವೆಯಲು ನೀರಿನೊಡನೆ ಬರುವ ನುಣುಪು ಮರಳು ಕಾರಣ. ನಲ್ಲಿಯ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ತೊಳೆಯಿರಿ.

ಹಂತ 8: ಡ್ರೈಯರ್‌ನ ಬೆಲ್ಲೋ

ಡ್ರೈಯರ್ ಬುಟ್ಟಿಯ ಶಾಫ್ಟು ಹೊರ ಟಬ್ಬಿನ ತಳವನ್ನು ದಾಟುವಲ್ಲಿ ಮಡಿಕೆ ಮಡಿಕೆಯಾದ ರಬ್ಬರಿನ ಬೆಲ್ಲೋ ಇರುತ್ತದೆ. ಹಿಂಬದಿಯಿಂದ ನೋಡಿದರೆ, ಮೋಟರಿನ ಮೇಲೆ ಶಾಫ್ಟನ್ನು ಹಿಡಿದಿರುವ ಬೋಲ್ಟುಗಳು ಕಾಣುತ್ತವೆ. ಅವುಗಳ ಲಾಕ್ ನಟ್ ಸಡಿಲಿಸಿ, ಬೋಲ್ಟು ಬಿಚ್ಚಿದರೆ ಬುಟ್ಟಿ ಮೇಲಕ್ಕೆ ಬರುತ್ತದೆ. ಬಳಿಕ ಬೆಲ್ಲೋವನ್ನು ಅಂಚಿನಿಂದ ಬಿಡಿಸಬಹುದು.

ಬೆಲ್ಲೋ ಹರಿದಿದ್ದರೆ ಏಕೆ ಹರಿಯಿತೆಂದು ಕೇಳಿಕೊಳ್ಳಲೇಬೇಕು. ಡ್ರೈಯರ್ ಮೋಟರು ಮೂರು ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಕರಾವಳಿಯ ತುಕ್ಕಿಗೆ ಒಂದು ಮುರಿದರೂ ಬುಟ್ಟಿ ಓರೆಯಾಗಿ ತಿರುಗಿ ಬೆಲ್ಲೋವನ್ನು ಎಳೆದಾಡುತ್ತದೆ. ಬುಟ್ಟಿ ಡಬಡಬ ಬಡಿಯುತ್ತಿದ್ದ ಮಷಿನ್‌ಗೆ ಸ್ಪ್ರಿಂಗು ನೋಡದೆ ಬೆಲ್ಲೋ ಮಾತ್ರ ಹಾಕಬೇಡಿ.

ಜೋಡಿಸುವಾಗ ಬೋಲ್ಟಿನ ತುದಿ ಶಾಫ್ಟಿನ ಗುಳಿಗೆ ಅಥವಾ ಚಪ್ಪಟೆ ಭಾಗಕ್ಕೆ ಸರಿಯಾಗಿ ಕೂರಬೇಕು, ಲಾಕ್ ನಟ್ ಬಿಗಿಯಾಗಿರಬೇಕು. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಬುಟ್ಟಿ ಸಡಿಲಾದರೆ ಅಪಾಯ ಸಣ್ಣದಲ್ಲ. ಖಾಲಿ ತಿರುಗಿಸಿ, ಮುಚ್ಚಳ ಎತ್ತಿದಾಗ ಬ್ರೇಕ್ ಹಿಡಿದು ಬುಟ್ಟಿ ಬೇಗ ನಿಲ್ಲುತ್ತದೆಯೇ ಎಂದು ನೋಡಿ. ನಿಲ್ಲದಿದ್ದರೆ ಬ್ರೇಕ್ ಸರಿಯಾಗುವವರೆಗೆ ಡ್ರೈಯರ್ ಬಳಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ.

ಹಂತ 9: ಟಬ್ಬಿನ ಬಿರುಕು

ಬಹಳಷ್ಟು ಟಬ್ಬುಗಳು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನವು. ಅದಕ್ಕೆ ಅಂಗಡಿಯ ಸಾಮಾನ್ಯ ಅಂಟಾಗಲಿ ಎಪಾಕ್ಸಿಯಾಗಲಿ ಗಟ್ಟಿಯಾಗಿ ಹಿಡಿಯುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕರಗಿಸಿ ಬೆಸೆಯುವುದೊಂದೇ ನಿಲ್ಲುವ ದುರಸ್ತಿ. ಬಂಪರ್, ನೀರಿನ ಟ್ಯಾಂಕ್ ಬೆಸೆಯುವವರು ಇದನ್ನು ಮಾಡಿಕೊಡುತ್ತಾರೆ. ಬೆಸೆಯುವ ಮೊದಲು ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆಸಿದರೆ ಅದು ಮುಂದಕ್ಕೆ ಓಡುವುದಿಲ್ಲ. ಬಿರುಕು ಶಾಫ್ಟಿನ ಸುತ್ತಲಿದ್ದರೆ ಖರ್ಚು ಮಾಡಬೇಡಿ, ಆ ಜಾಗದ ಬೆಸುಗೆ ತಿರುಗಾಟದ ಎಳೆತವನ್ನು ತಾಳುವುದಿಲ್ಲ.

ಹಂತ 10: ಮತ್ತೆ ಪರೀಕ್ಷೆ

ದುರಸ್ತಿಯಾದ ಮೇಲೆ ಐದೂ ಪರೀಕ್ಷೆಗಳನ್ನು ಮೊದಲಿನಿಂದ ಮಾಡಿ. ಹಳೆಯ ಮಷಿನ್‌ನಲ್ಲಿ ಎರಡು ಕಡೆ ಸೋರುವುದು ಅಪರೂಪವಲ್ಲ. ದೊಡ್ಡದು ನಿಂತಾಗ ಸಣ್ಣದು ಕಣ್ಣಿಗೆ ಬೀಳುತ್ತದೆ. ಒದ್ದೆಯಾಗಿದ್ದ ಮೋಟರನ್ನು ಒಂದೆರಡು ದಿನ ಒಣಗಲು ಬಿಟ್ಟ ಬಳಿಕವೇ ಓಡಿಸುವ ಪರೀಕ್ಷೆ ಮಾಡಿ. ತಳದ ತಗಡಿನ ತುಕ್ಕನ್ನು ಕೆರೆದು, ರೆಡ್ ಆಕ್ಸೈಡ್ ಬಳಿದು ಒಣಗಿಸಿ. ಇಲಿ ನುಗ್ಗುವ ತೆರಪಿಗೆ ಸಣ್ಣ ಕಣ್ಣಿನ ಜಾಲರಿಯನ್ನು, ಬೆಲ್ಟಿಗೂ ತಂತಿಗೂ ತಾಗದಂತೆ, ತಿರುಪು ಹಾಕಿ ಬಿಗಿಯಿರಿ. ಕೆಳಗೆ ಹಾಸಿದ ಕಾಗದವನ್ನು ಮೂರು ಸಲ ಬಟ್ಟೆ ಒಗೆಯುವವರೆಗೂ ತೆಗೆಯಬೇಡಿ. ಮೂರನೆಯ ಸಲವೂ ಅದು ಒಣಗಿದ್ದರೆ ಮಷಿನ್‌ಅನ್ನು ಗೋಡೆಯ ಕಡೆಗೆ ಸರಿಸಬಹುದು.